ಶುಶ್ರೂಷೆಗೆ ಮಾನ ತಂದ ರಮಾಬಾಯಿ ರಾನಡೆಯವರು

ರಾಜ್ಯೋತ್ಸವದ ಸಂಚಿಕೆಯಲ್ಲಿ ಮಹಾರಾಷ್ಟ್ರದ ಮಹಿಳೆಯೊಬ್ಬರ ಚರಿತ್ರೆಯೇಕೆ ಎಂದು ವಾಚಕರಲ್ಲಿ ಕೆಲವರಾದರೂ ಕೇಳದಿರರು. ಹೊಟ್ಟೆಯ ಪಾಡಿಗೆಂದು ಬಂದು ನೆಲೆನಿಂತ ಈ ಪುಣ್ಯಪಟ್ಟಣದ ಋಣ ನಮ್ಮ ಮೇಲಿದೆ, ಅದು ಒಂದು ಕಾರಣ. ಮೇಲಾಗಿ 1956ರ ವರೆಗೆ ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳೆಲ್ಲ ಮುಂಬಯಿಯ ಆಳಿಕೆಗೇ ಸೇರಿದ್ದುವು. ಪುಣೆಯಲ್ಲಿ ನಡೆದ ಕಾರ್ಯ ಅಂದಿಗೆ ನಮಗೆ ಪರರಾಜ್ಯದ ಕಾರ್ಯವಾಗಿರಲಿಲ್ಲ. ರಮಾಬಾಯಿಯವರು ಹುಟ್ಟಿದ ದೇವರಾಷ್ಟ್ರೆಯೆಂಬ ಊರು ಇಂದು ಸಾಂಗಲಿ ಜಿಲ್ಲೆಯಲ್ಲಿದೆ. ಆ ಜಿಲ್ಲೆಯೋ ನಮ್ಮ ಬೆಳಗಾವಿ, ವಿಜಾಪುರಗಳ ಸೆರಗಿಗೆ ಸೆರಗು ಹಚ್ಚಿಕೊಂಡಿದೆ.

ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರ ಹೆಸರನ್ನು ಅರಿಯದವರು ನಮ್ಮಲ್ಲಿ ಇಲ್ಲ. ಅವರ ಧರ್ಮಪತ್ನಿಯ ಹೆಸರು ನಮ್ಮ ಮನೆಗಳಿಗೆ ತಲುಪಿದ್ದು ಬಹುಮಟ್ಟಿಗೆ 2012ರಲ್ಲಿ, ‘ಉಂಚ್ ಮಾಝಾ ಝೋಕಾ’ ಎಂಬ ಮರಾಠಿ ಧಾರಾವಾಹಿಯಿಂದ. ಮರಾಠಿ ಸರಿಯಾಗಿ ಬಾರದ ಅತ್ತೆಯರೂ ಸಂಜೆಯ ದೀಪ ಹಚ್ಚಿ, ಅಡಿಗೆಯನ್ನು ಬದಿಗಿಟ್ಟು ಆ ಬಾಲವಧುವಿನ ಕಥೆಯನ್ನು ನೋಡಿದ್ದುಂಟು. ಪಾಟಿ ಹಿಡಿದು ಅಕ್ಷರ ಕಲಿಯುವ ಪುಟ್ಟ ಹುಡುಗಿಯನ್ನು ಎಲ್ಲರೂ ಮೆಚ್ಚಿದರು. ಅದೇ ಹುಡುಗಿ ಐವತ್ತರ ಗಡಿಯಲ್ಲಿ, ವಿಧವೆಯಾಗಿ, ರೋಗಿಗಳ ಮಲಮೂತ್ರ ತೆಗೆಯುವ ವಿದ್ಯೆಯನ್ನು ಕುಲೀನ ಮನೆತನದ ಹೆಂಗಸರಿಗೆ ಕಲಿಸಲು ಹೊರಟು ಊರವರ ನಗೆಗೆ ಗುರಿಯಾದದ್ದನ್ನು ಬಲ್ಲವರು ಕಡಿಮೆ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಆ ಭಾಗವನ್ನು.

ರಮಾಬಾಯಿಯವರು 1862ನೆಯ ಇಸವಿಯ ಜನೇವರಿ 25ರಂದು ಕುರ್ಲೇಕರ ಮನೆತನದಲ್ಲಿ ಜನಿಸಿದರು. ತವರಿನ ಹೆಸರು ಯಮುನಾ. ಓದು ಕಲಿತ ಹೆಣ್ಣಿಗೆ ವೈಧವ್ಯ ತಪ್ಪದೆಂಬ ನಂಬಿಗೆ ಆಗ ಮನೆಮನೆಯಲ್ಲಿ ಬೇರೂರಿತ್ತು. ಹೀಗಾಗಿ ಈ ಬಾಲಿಕೆಗೂ ಅಕ್ಷರದ ಗಂಧವಿರಲಿಲ್ಲ. 1873ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಮೂವತ್ತೊಂದು ವರ್ಷದ ರಾನಡೆಯವರೊಡನೆ ಲಗ್ನವಾಯಿತು. ರಾನಡೆಯವರ ಮೊದಲ ಪತ್ನಿ ಆಗತಾನೆ ತೀರಿಕೊಂಡಿದ್ದರು. ವಿಧವಾ ವಿವಾಹವನ್ನು ಎತ್ತಿಹಿಡಿದ ಸುಧಾರಕನು ತಾನೇ ವಿಧವೆಯೊಬ್ಬಳನ್ನು ವರಿಸುವ ಪ್ರಸಂಗ ಒದಗಿದಾಗ, ತಂದೆಯ ಹಟಕ್ಕೆ ಮಣಿದು ಎಳೆಯ ಕನ್ಯೆಯನ್ನು ಕೈಹಿಡಿದನೆಂದು ಸುಧಾರಕರೂ ಜರೆದರು, ಸನಾತನಿಗಳೂ ನಕ್ಕರು. ಆ ನಗೆಯಲ್ಲಿ ಹುರುಳಿರಲಿಲ್ಲವೆಂದು ನಾನು ಹೇಳಲಾರೆ. ರಾನಡೆಯವರ ದೊಡ್ಡಸ್ತಿಕೆಯನ್ನು ಬಲ್ಲವರೂ ಈ ಒಂದು ವಿಷಯದಲ್ಲಿ ಅವರ ಪರವಾಗಿ ವಾದಿಸಲು ತಡವರಿಸುತ್ತಾರೆ.

ಆದರೆ ಮುಂದೆ ಅವರು ಮಾಡಿದ್ದು ಸಾಮಾನ್ಯ ಕಾರ್ಯವಲ್ಲ. ಮದುವೆಯಾಗಿ ಬಂದ ಹುಡುಗಿಗೆ ತಾವೇ ಪಾಟಿಯ ಮೇಲೆ ಅಕ್ಷರ ತಿದ್ದಿಸಿದರು. ಮರಾಠಿ ಮುಗಿಯಲು ಇಂಗ್ಲಿಷಿಗೆ ಕೈಹಚ್ಚಿದರು. ಮನೆ ತುಂಬ ಹಿರಿಯ ಹೆಂಗಸರು. ಹಗಲೆಲ್ಲ ಅವರ ಕೊಂಕುಮಾತು, ರಾತ್ರಿ ಪತಿಯ ಎದುರಿಗೆ ಪಾಠ. ಇಂಗ್ಲಿಷ್ ಕಲಿಸಲು ಮಿಶನರಿ ಬಾಯಿಯೊಬ್ಬಳು ಬಂದುಹೋದ ಮೇಲೆ ಮೈಲಿಗೆ ಕಳೆಯಲು ಸ್ನಾನ ಮಾಡದೆ ಅಡಿಗೆಮನೆಗೆ ಕಾಲಿಡುವಂತಿರಲಿಲ್ಲ. ಎದುರಾಡುವುದು ಆಕೆಯ ಸ್ವಭಾವದಲ್ಲಿರಲಿಲ್ಲ. ಅವರ ಮಾತು ಕೇಳಿಸಿಕೊಂಡು, ಕೆಲಸವನ್ನೆಲ್ಲ ಮಾಡಿ, ಪಾಠವನ್ನೂ ಬಿಡಲಿಲ್ಲ. ಜರೆದವರೊಡನೆ ಒಂದೇ ಸೂರಿನಡಿ ಬಾಳುತ್ತ, ಅವರ ಮನಸ್ಸು ಮುರಿಯದೆ, ತನ್ನ ದಾರಿಯನ್ನೂ ಬಿಡದೆ ನಡೆಯುವುದನ್ನು ಆಕೆ ಅಲ್ಲಿ ಕಲಿತರು. ಈ ಅಭ್ಯಾಸ ಮುಂದೆ ಸೇವಾಸದನದಲ್ಲಿ ಬಲು ಉಪಯೋಗಕ್ಕೆ ಬಂದಿತು.

1882ರಲ್ಲಿ ಪಂಡಿತಾ ರಮಾಬಾಯಿಯವರು ಪುಣೆಗೆ ಬಂದರು. ಅವರು ನಮ್ಮ ಸಹ್ಯಾದ್ರಿಯ ಗಂಗಾಮೂಲದಲ್ಲಿ ಜನಿಸಿದವರು, ಕಾರ್ಕಳದ ಕಡೆಯ ಮಾಳದ ಮನೆತನದವರು ಎಂಬುದನ್ನು ಕನ್ನಡಿಗರಾದ ನಾವು ನೆನೆಯಬೇಕು. ಆ ಪಂಡಿತೆಯು ಸ್ಥಾಪಿಸಿದ ಆರ್ಯ ಮಹಿಳಾ ಸಮಾಜದ ಸಭೆಗಳಿಗೆ ರಾನಡೆಯವರ ಪತ್ನಿ ಹೋಗತೊಡಗಿದರು. ಹೆಣ್ಣುಮಕ್ಕಳಿಗೆ ಹೈಸ್ಕೂಲು ಬೇಕೆಂದು ಗವರ್ನರ್ ಸರ್ ಜೇಮ್ಸ್ ಫರ್ಗ್ಯೂಸನ್ನರ ಎದುರಿಗೆ ತುಂಬಿದ ಸಭೆಯಲ್ಲಿ ಇಂಗ್ಲಿಷಿನ ಬಿನ್ನಹವನ್ನು ಓದಿದವರೂ ಇವರೇ. 1884ರಲ್ಲಿ ಆರಂಭವಾದ ಆ ಶಾಲೆಯೇ ಹುಜೂರಪಾಗೆಯ ಶಾಲೆ. ನಮ್ಮವರ ಅದೆಷ್ಟೋ ಹೆಣ್ಣುಮಕ್ಕಳು ಅಲ್ಲಿ ಕಲಿತಿದ್ದಾರೆ.

ಇಲ್ಲೊಂದು ಸಣ್ಣ ಸಂಗತಿಯನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. 1886ರ ಸುಮಾರಿಗೆ ರಾನಡೆಯವರು ಸರಕಾರದ ಹಣಕಾಸಿನ ಸಮಿತಿಯ ಕೆಲಸಕ್ಕಾಗಿ ಕಲಕತ್ತೆಗೆ ಹೋದರು. ಬಂಗಾಲಿ ಪತ್ರಿಕೆ ಮಾರುವವನು ಮನೆಗೆ ಬಂದಾಗ, ಓದಲು ಬಾರದ ಪತ್ರಿಕೆ ನಮಗೇಕೆಂದು ರಮಾಬಾಯಿಯವರು ಅವನನ್ನು ಕಳುಹಿಸಿಬಿಟ್ಟರು. ತಿಂಗಳುಗಟ್ಟಲೆ ಒಂದು ನಾಡಿನಲ್ಲಿದ್ದು ಅಲ್ಲಿಯ ಭಾಷೆ ಬಾರದೆಂದು ಹೇಳುವುದು ನಾಚಿಕೆಗೇಡೆಂದು ರಾನಡೆಯವರಿಗೆ ಅನಿಸಿತು. ಪುಸ್ತಕ ತಂದರು. ಕ್ಷೌರಿಕನು ಮುಖಕ್ಕೆ ಕತ್ತಿಯಾಡಿಸುತ್ತಿರುವಾಗಲೇ ಅವನಿಂದ ಶಬ್ದಗಳ ಅರ್ಥ ಕೇಳಿ ಕಲಿತು, ಹೆಂಡತಿಗೂ ಕಲಿಸಿದರು. ಇಪ್ಪತ್ತು ವರ್ಷ ಪುಣೆಯಲ್ಲಿದ್ದೂ ಭಾಜಿ ಮಾರುವವಳೊಡನೆ ಕೈಸನ್ನೆಯಲ್ಲಿಯೇ ವ್ಯವಹರಿಸುವ ನಮ್ಮ ಕೆಲವು ಬಂಧುಗಳು ಈ ಕ್ಷೌರಿಕನನ್ನು ನೆನಪಿನಲ್ಲಿಡಬೇಕು.

1893ರಲ್ಲಿ ರಾನಡೆಯವರು ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರಾದರು, ದಂಪತಿಗಳ ವಾಸ ಮುಂಬಯಿಗೆ ಬದಲಾಯಿತು. ಅಲ್ಲಿಯೂ ರಮಾಬಾಯಿಯವರು ಹಿಂದೂ ಸ್ತ್ರೀಯರ ಮಂಡಲವನ್ನು ಕಟ್ಟಿ ಭಾಷೆ, ಹೊಲಿಗೆ, ಕೈಗೆಲಸಗಳ ತರಗತಿಗಳನ್ನು ನಡೆಸಿದರು. ಆ ದಶಕದ ಕೊನೆ ಪಶ್ಚಿಮ ಭಾರತಕ್ಕೆ ಬಲು ಕಷ್ಟದ ಕಾಲ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಮರುವರ್ಷ ಪುಣೆಯನ್ನು ಆವರಿಸಿತು. ರೋಗಿಗಳನ್ನು ತಾವೇ ಎತ್ತಿ ತಂದು ಉಪಚರಿಸುತ್ತಿದ್ದ ಸಾವಿತ್ರಿಬಾಯಿ ಫುಲೆಯವರು ಅದೇ ರೋಗ ಅಂಟಿ 1897ರ ಮಾರ್ಚ್ 10ರಂದು ದೇಹಬಿಟ್ಟರು. ಶಿಕ್ಷಣ ಪಡೆದ ದಾದಿಯರೆಂದರೆ ಹೆಚ್ಚಾಗಿ ಯುರೋಪಿಯನ್ನರು, ಆಂಗ್ಲೋ-ಇಂಡಿಯನ್ನರು, ದೇಶೀಯ ಕ್ರೈಸ್ತರು. ಹಿಂದೂ ಮನೆತನದವರಿಗೆ ದವಾಖಾನೆಯೆಂದರೆ ಅರ್ಧ ಮಸಣ. ಅಲ್ಲಿಗೆ ಹೋದರೆ ಜಾತಿಯೂ ಉಳಿಯದು, ಜೀವವೂ ಉಳಿಯದು ಎಂಬ ಭೀತಿ. ಹೆಣ್ಣುಮಕ್ಕಳ ವೈದ್ಯಕೀಯಕ್ಕಾಗಿ 1885ರಲ್ಲಿಯೇ ಲೇಡಿ ಡಫರಿನ್ ನಿಧಿ ಹುಟ್ಟಿ, ಡಾಕ್ಟರು, ದಾದಿ, ಸೂಲಗಿತ್ತಿಯರನ್ನು ತರಬೇತು ಮಾಡಲು ಹಣ ಒದಗಿತ್ತು. ಹಣವಿದ್ದರೂ ಕಲಿಯಲು ಬರುವ ಕುಲೀನ ಹೆಣ್ಣುಮಕ್ಕಳು ಎಲ್ಲಿದ್ದರು?

1900ರ ಕೊನೆಗೆ ರಾನಡೆಯವರ ಹೃದಯರೋಗ ಹೆಚ್ಚಾಯಿತು. ಡಿಸೆಂಬರದ ಲಾಹೋರ ಅಧಿವೇಶನಕ್ಕೆ ಹೋಗಲಾಗಲಿಲ್ಲ. ಔಷಧೋಪಚಾರ, ಪಥ್ಯ, ಅಂಗಾಲಿಗೆ ತುಪ್ಪ ತಿಕ್ಕುವುದು, ರಾತ್ರಿಯ ಎಚ್ಚರ ಎಲ್ಲವನ್ನೂ ಪತ್ನಿಯೇ ಹೊತ್ತರು. 1901ರ ಜನೇವರಿ 16ರ ರಾತ್ರಿ ರಾನಡೆಯವರು ಅಸ್ತಂಗತರಾದರು. ಆ ಕೊನೆಯ ದಿನಗಳ ವೃತ್ತಾಂತವನ್ನು ಅವರು 1910ರಲ್ಲಿ ಪ್ರಕಟವಾದ ತಮ್ಮ ಮರಾಠಿ ನೆನಪುಗಳಲ್ಲಿ ಬರೆದಿದ್ದಾರೆ. ಹಾಸಿಗೆಯ ಬದಿಗೆ ಕುಳಿತವರಿಗೆ ಮಾತ್ರ ತಿಳಿಯುವ ಸೂಕ್ಷ್ಮಗಳು ಅದರಲ್ಲಿ ತುಂಬಿವೆ.

ಮೂವತ್ತೆಂಟರ ವಿಧವೆ ಪುಣೆಗೆ ಮರಳಿ, ಈಗಿನ ಫುಲೆ ಮಂಡಈಯ ಸಮೀಪದ ಹಳೆಯ ಮನೆಯನ್ನು ಸೇರಿದರು. ವರ್ಷದ ಕಾಲ ಹೊರಗೆ ಬರಲಿಲ್ಲ. ಬಂದ ಮೇಲೆ ಹೋದದ್ದು ಎಲ್ಲಿಗೆ? ಯರವಡಾ ಸೆರೆಮನೆಯ ಹೆಣ್ಣು ಕೈದಿಗಳ ಬಳಿಗೆ, ಆಸ್ಪತ್ರೆಯ ರೋಗಿಗಳ ಬಳಿಗೆ. ಹಣ್ಣು, ಹೂ, ಪುಸ್ತಕ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ಹೋಗಿ ಕುಳಿತು ಮಾತನಾಡಿಸುತ್ತಿದ್ದರು.

1908ರಲ್ಲಿ ಪಾರ್ಸಿ ಸುಧಾರಕ ಬೆಹರಾಮಜಿ ಮಲಬಾರಿಯವರೂ ದಯಾರಾಮ ಗಿಡುಮಲ್ಲರೂ ಭಾರತೀಯ ಸ್ತ್ರೀಯರಿಗೆ ಆಶ್ರಯವಿತ್ತು ದಾದಿಯರ ಶಿಕ್ಷಣ ಕೊಡುವ ಸಂಸ್ಥೆಯೊಂದನ್ನು ಯೋಚಿಸಿ ರಮಾಬಾಯಿಯವರ ನೆರವು ಬೇಡಿದರು. ಹಾಗೆ ಮುಂಬಯಿಯ ಸೇವಾಸದನ ಹುಟ್ಟಿತು. ಮರುವರ್ಷ, 1909ರಲ್ಲಿ, ಪುಣೆಯ ಸೇವಾಸದನವು ಅವರ ಸ್ವಂತ ಮನೆಯಲ್ಲಿಯೇ ಆರಂಭವಾಯಿತು. ಭಾರತ ಸೇವಕ ಸಮಾಜದ ಗೋಪಾಳ ಕೃಷ್ಣ ದೇವಧರರು ಕೊನೆಯವರೆಗೆ ಹೆಗಲು ಕೊಟ್ಟರು. 1915ರಲ್ಲಿ ಸಂಸ್ಥೆ ನೋಂದಣಿಯಾಯಿತು. ಶಿಕ್ಷಕಿಯರ ತರಬೇತಿ ಕಾಲೇಜು ಬೆಳೆಯಿತು. ವೈದ್ಯಕೀಯ ವಿದ್ಯಾರ್ಥಿನಿಯರಿಗೊಂದು, ಸಸೂನ್ ಆಸ್ಪತ್ರೆಯಲ್ಲಿ ದಾದಿವಿದ್ಯೆ ಕಲಿಯುವವರಿಗೊಂದು ವಸತಿಗೃಹ ಬಂದವು. ಸೋಲಾಪುರದಲ್ಲಿಯೂ ಸೇವಾಸದನ ಬೇರುಬಿಟ್ಟಿತು. ಕನ್ನಡ ಮಾತು ಕಿವಿಗೆ ಬೀಳದ ಓಣಿಯಿಲ್ಲದ ಆ ಊರಲ್ಲಿ ಅದೇ ಹೆಸರಿನ ಶಾಲೆ ಇಂದಿಗೂ ಇದೆ.

ಶಿಕ್ಷಕಿಯರ ಶಾಲೆಗೆ ಊರು ಹೇಗೋ ಒಪ್ಪಿತು. ದಾದಿಯರ ವಿಭಾಗಕ್ಕೆ ಒಪ್ಪಲಿಲ್ಲ. ಪರಪುರುಷರ ಮೈ ಮುಟ್ಟುವುದು, ರಾತ್ರಿಯ ಪಾಳಿ, ಹೇಲು ಉಚ್ಚೆ ರಕ್ತ ಕೀವು, ಕಣ್ಣೆದುರಿನಲ್ಲಿ ಜೀವ ಹೋದ ದೇಹವನ್ನು ಒರೆಸಿ ನೆಟ್ಟಗೆ ಮಲಗಿಸುವುದು: ಇವೆಲ್ಲ ಮಡಿಯ ಮನೆತನದ ಹೆಂಗಸಿನ ಕೆಲಸವೆ? ಈ ಪ್ರಶ್ನೆಯ ಪೊಳ್ಳುತನವನ್ನು ಸ್ವಲ್ಪ ವಿಚಾರಿಸಿ ನೋಡಬೇಕು. ಹಾಸಿಗೆ ಹಿಡಿದ ಮುದುಕರನ್ನು ಒಂದೊಂದು ಮನೆಯಲ್ಲಿಯೂ ನೋಡಿಕೊಂಡವರು ಯಾರು? ಮನೆಯ ಮೂಲೆಯಲ್ಲಿದ್ದ ಮಡಿಹೆಂಗಸೇ ಅಲ್ಲವೆ? ಅತ್ತೆಯ ಹೊಲಸು ಬಳಿದದ್ದು, ಮಾವನ ಬೆನ್ನಹುಣ್ಣು ತೊಳೆದದ್ದು, ಕೊನೆಯ ಗುಟುಕು ಗಂಗೆಯನ್ನು ಬಾಯಿಗೆ ಬಿಟ್ಟದ್ದು ಆಕೆಯೇ. ಅದಕ್ಕೆ ಸಂಬಳವಿರಲಿಲ್ಲ, ಹೆಸರಿರಲಿಲ್ಲ, ಶಿಕ್ಷಣವೂ ಇರಲಿಲ್ಲ. ಆದ್ದರಿಂದ ಅದು ಧರ್ಮವೆನಿಸಿತು. ಅದೇ ಹೆಂಗಸು ಅದೇ ಕೆಲಸವನ್ನು ಶಾಸ್ತ್ರವರಿತು ಮಾಡಿ ನಾಲ್ಕು ಕಾಸು ಗಳಿಸಿ ಸ್ವತಂತ್ರಳಾದರೆ ಅದು ಅಪಮಾನವಾಯಿತು! ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆಯುವ ನನಗೆ ಈ ಲೆಕ್ಕ ಎಂದೂ ತಾಳೆಯಾಗಿಲ್ಲ.

ಒಂದು ಸಲ ಸೇವಾಸದನದ ವಾರ್ಷಿಕ ಸಮ್ಮೇಳನ ಕಿರ್ಲೋಸ್ಕರ ನಾಟ್ಯಗೃಹದಲ್ಲಿ ನಡೆದಿತ್ತು. ಬಹುಮಾನ ವಿತರಣೆ. ಗ್ಯಾಲರಿಯ ತುಂಬ ಕಾಲೇಜಿನ ತರುಣರು. ಹೆಸರು ಕೂಗಿದಾಗ ಒಬ್ಬ ವಿದ್ಯಾರ್ಥಿನಿ ರಂಗದ ಮೇಲೆ ಬಂದಳು: ತಲೆ ಬೋಳಿಸಿದ ವಿಧವೆ, ಉಟ್ಟದ್ದು ಒರಟಾದ ಕೆಂಪು ಸೀರೆ. ಗ್ಯಾಲರಿಯಿಂದ ಕೇಕೆ, ಅಣಕದ ಚಪ್ಪಾಳೆ ಎದ್ದವು. ರಮಾಬಾಯಿಯವರು ಆಗ ಏನೂ ಮಾತನಾಡಲಿಲ್ಲ. ಕಾರ್ಯಕ್ರಮ ಸಾಗಿತು. ಕೊನೆಗೆ ವಂದನೆ ಸಲ್ಲಿಸುವ ಸರದಿ ಬಂದಾಗ ಎದ್ದುನಿಂತು, ಎಂದೂ ದನಿಯೇರಿಸದ ಆ ಸಾಧ್ವಿ ತರುಣರನ್ನು ಹಿಡಿದು ಝಾಡಿಸಿಬಿಟ್ಟರು. ವಿದ್ಯಾವಂತರೆಂದು ಹೇಳಿಕೊಳ್ಳುವ ಅವರಿಗೆ ಅದರ ಅಧಿಕಾರವೇನೆಂದು ಕೇಳಿದರು. ವಿಧವೆಯಾದದ್ದು, ಕೇಶ ಕಳೆದುಕೊಂಡದ್ದು ಆಕೆಯ ತಪ್ಪೇ ಎಂದು ಕೇಳಿದರು. ಅವರವರ ಮನೆಯಲ್ಲಿಯೂ ಅಂಥ ಒಬ್ಬ ಅಕ್ಕನೋ ಅತ್ತೆಯೋ ಇರುವಳೆಂಬುದನ್ನು ನೆನಪಿಗೆ ತಂದರು. ನಾಟ್ಯಗೃಹ ಸ್ತಬ್ಧವಾಯಿತು. ಆ ವಿದ್ಯಾರ್ಥಿನಿಗಿಂತ ಬೇರೆ ಸ್ಥಿತಿಯಲ್ಲಿ ರಮಾಬಾಯಿಯವರೂ ಇರಲಿಲ್ಲ, ಅವರೂ ವಿಧವೆಯೇ. ನ್ಯಾಯಮೂರ್ತಿಗಳ ಹೆಸರು ಮಾತ್ರ ಅವರಿಗೆ ಬೆಂಗಾವಲಾಗಿತ್ತು. ಆ ಬೆಂಗಾವಲನ್ನು ಅವರು ಅಂದು ಆ ಹೆಣ್ಣುಮಗಳಿಗೆ ಹೊದಿಸಿದರು.

ಇದೆಲ್ಲ ನೂರು ವರ್ಷದ ಹಿಂದಿನ ಮಾತು, ಈಗ ಕಾಲ ಬದಲಾಗಿದೆ ಎನ್ನುವಿರಾ? ಬದಲಾಗಿರುವುದು ನಿಜ. ಆದರೂ ನಮ್ಮ ಮಂಡಲದ ಕೂಟಗಳಲ್ಲಿ ವಧುವರರ ಮಾತು ಬಂದಾಗ ಕಿವಿಗೊಟ್ಟು ಕೇಳಿರಿ. ಹುಡುಗಿ ಎಂಜಿನಿಯರಳೆಂದರೆ ಮುಖಗಳು ಅರಳುತ್ತವೆ. ನರ್ಸ್ ಎಂದರೆ ಒಂದು ಗಳಿಗೆ ಮಾತು ನಿಲ್ಲುತ್ತದೆ. ಲಗ್ನವಾದ ಮೇಲೆ ಬಿಡುತ್ತಾಳೇನೋ ಎಂದು ಯಾರೋ ಮೆಲ್ಲಗೆ ವಿಚಾರಿಸುತ್ತಾರೆ. ನನ್ನ ಸೋದರತ್ತೆಯ ಮಗಳು ದಾದಿವಿದ್ಯೆಯ ಮೂರನೆಯ ವರ್ಷದಲ್ಲಿರುವಾಗ, ಗುಣವಾಗದ ರೋಗಿಗಳ ಶುಶ್ರೂಷೆಯನ್ನೇ ವಿಶೇಷವಾಗಿ ಕಲಿಯಬೇಕೆಂದಳು. ಸಾಯುವವರ ನಡುವೆ ಹರೆಯ ಕಳೆಯುವುದು ಅಪಶಕುನವೆಂದು ಮನೆಯಲ್ಲಿ ಗಲಾಟೆಯಾಯಿತು. ಅವಳ ಸಹಪಾಠಿಗಳಲ್ಲಿಯೂ ಕೆಲವರಿಗೆ ಅದು ಸೋತವರ ವಾರ್ಡು. ಗೆಲ್ಲುವ ವೈದ್ಯಕೀಯ ಬೇರೆಲ್ಲೋ ಇದೆಯೆಂಬ ಭಾವನೆ.

ಈ ವಿದ್ಯೆಗೆ ಈಗ ಉಪಶಮನ ಶುಶ್ರೂಷೆಯೆಂದು ಹೆಸರು. ರೋಗವನ್ನು ಗೆಲ್ಲಲಾಗದಾಗಲೂ ನೋವನ್ನು ಇಳಿಸಬಹುದೆಂಬುದು ಇದರ ತಿರುಳು. ಇದರ ಆದ್ಯಳೆನಿಸಿದ ಸಿಸಿಲಿ ಸಾಂಡರ್ಸ್ ಮೊದಲು ದಾದಿಯಾಗಿದ್ದು ಆಮೇಲೆ ಡಾಕ್ಟರಾದವಳು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಧಾಮವನ್ನು ತೆರೆದಳು. ನಮ್ಮ ದೇಶದ ಮೊದಲನೆಯ ಅಂಥ ಧಾಮ, ಶಾಂತಿ ಅವೇದನಾ ಸದನ, 1986ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಬೆಂಗಳೂರಿಗೆ ಕರುಣಾಶ್ರಯ ಬಂದಿತು. ಪುಣೆಯಲ್ಲಿ 1997ರಿಂದ ವಾರಜೆಯಲ್ಲಿ ಸಿಪ್ಲಾ ಕಂಪನಿಯ ದತ್ತಿಸಂಸ್ಥೆಯ ಕೇಂದ್ರವಿದೆ. ರೋಗಿಗಳಿಂದ ಹಣ ಪಡೆಯದ ಈ ಕೇಂದ್ರದಲ್ಲಿ ದಾದಿಯರಿಗೆ, ಡಾಕ್ಟರರಿಗೆ ಶಿಕ್ಷಣವನ್ನೂ ಕೊಡುತ್ತಾರೆ. ನಾವು ದೀಪಾವಳಿಗೆ ಹುಬ್ಬಳ್ಳಿಯ ಬಸ್ಸು ಹಿಡಿದು ಸಾಗುವ ಹೆದ್ದಾರಿ ಈ ವಾರಜೆಯನ್ನು ಹಾದೇ ಹೋಗುತ್ತದೆ. ಎಷ್ಟು ಜನ ಅತ್ತ ನೋಡಿದ್ದೇವೆ?

ಕಲಿಯುವುದೇನಿದೆ, ಅನುಕಂಪವಿದ್ದರೆ ಸಾಕಲ್ಲವೆ ಎಂದು ಕೇಳುವವರಿದ್ದಾರೆ. ಅನುಕಂಪ ಮಡಿಹೆಂಗಸಿಗೂ ಇತ್ತು. ನೋವೆಷ್ಟೆಂದು ಸೊನ್ನೆಯಿಂದ ಹತ್ತರ ವರೆಗೆ ಅಂಕೆಯಲ್ಲಿ ರೋಗಿಯಿಂದಲೇ ಕೇಳಿ ಬರೆದುಕೊಳ್ಳಬೇಕು. ಮಾರ್ಫಿನ್ನನ್ನು ನೋವು ಮರಳಿದ ಮೇಲೆ ಕೊಡದೆ, ಸಾಮಾನ್ಯವಾಗಿ ನಾಲ್ಕು ತಾಸಿಗೊಮ್ಮೆ ಗಡಿಯಾರ ನೋಡಿ ಕೊಡಬೇಕು. ಅದರಿಂದ ಮಲಬದ್ಧತೆಯಾಗುವುದರಿಂದ ಜೊತೆಯಲ್ಲಿಯೇ ಭೇದಿಯ ಔಷಧವನ್ನೂ ಕೊಡಬೇಕು. ಮಗ್ಗುಲನ್ನು ಸುಮಾರು ಎರಡು ತಾಸಿಗೊಮ್ಮೆ ಬದಲಿಸಬೇಕು, ಇಲ್ಲವಾದರೆ ಬೆನ್ನಹುಣ್ಣು ತಪ್ಪದು. ಒಣಗಿದ ಬಾಯಿಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಮಾರ್ಫಿನ್ ಎಂದರೆ ಸಾವನ್ನು ಕರೆಯುವ ಮದ್ದು, ಚಟ ಹತ್ತಿಸುವ ಮದ್ದು ಎಂಬ ಭಯ ಮನೆಯವರಲ್ಲಿ ಮಾತ್ರವಲ್ಲದೆ ದಾದಿಯರಲ್ಲಿಯೂ ಇದೆ. ತಕ್ಕ ಪ್ರಮಾಣದಲ್ಲಿ ಕೊಟ್ಟರೆ ಅದು ನಿಜವಲ್ಲವೆಂದು ತಿಳಿಯುವುದು ಪಾಠದಿಂದಲೇ. 1985ರ ಮಾದಕದ್ರವ್ಯಗಳ ಕಾನೂನಿನ ಬಿಗಿಯಿಂದ ಆ ಔಷಧವೇ ದುರ್ಲಭವಾಗಿತ್ತು. 2014ರ ತಿದ್ದುಪಡಿಯಿಂದ ದಾರಿ ಸಡಿಲವಾಯಿತು. 2021ರಲ್ಲಿ ಬಿ.ಎಸ್‌ಸಿ. ನರ್ಸಿಂಗಿನ ಹೊಸ ಪಠ್ಯಕ್ರಮದೊಳಗೂ ಈ ವಿಷಯಕ್ಕೆ ಸ್ಥಾನ ದೊರೆಯಿತು. ಪಠ್ಯದಲ್ಲಿ ಬಂದದ್ದು ಮನಸ್ಸಿಗೆ ಬರಲು ಮತ್ತೆ ಕೆಲವು ವರ್ಷ ಬೇಕಾದೀತು.

ನನ್ನ ದೊಡ್ಡಪ್ಪನವರಿಗೆ ಗಂಟಲಿನ ಅರ್ಬುದವಾದಾಗ, ಒಂದು ದವಾಖಾನೆಯವರು ಇನ್ನು ಮಾಡುವುದೇನೂ ಉಳಿದಿಲ್ಲ, ಮನೆಗೆ ಕರೆದೊಯ್ಯಿರಿ ಎಂದು ಹೇಳಿ ಕೈತೊಳೆದುಕೊಂಡರು. ಮಾಡುವುದು ಬಹಳ ಉಳಿದಿತ್ತು. ಅದನ್ನು ತೋರಿಸಿಕೊಟ್ಟವಳು ವಾರಕ್ಕೆರಡು ಸಲ ಮನೆಗೆ ಬರುತ್ತಿದ್ದ ಒಬ್ಬ ದಾದಿ. ಹುಣ್ಣಿನ ದುರ್ಗಂಧವನ್ನು ಔಷಧದ ಪುಡಿಯಿಂದ ಅಡಗಿಸಲು ದೊಡ್ಡಮ್ಮನಿಗೆ ಕಲಿಸಿದಳು. ಆ ವಾಸನೆಗೆ ನಾಚಿ ಮೊಮ್ಮಕ್ಕಳನ್ನು ಹತ್ತಿರ ಬರಗೊಡದಿದ್ದ ದೊಡ್ಡಪ್ಪ ಅನಂತರ ಅವರನ್ನು ಮಂಚದ ಮೇಲೆ ಕೂಡ್ರಿಸಿಕೊಳ್ಳುವಂತಾದರು. ಅವಳಿಗೆ ಕನ್ನಡ ಬರುತ್ತಿರಲಿಲ್ಲ, ದೊಡ್ಡಮ್ಮನಿಗೆ ಮರಾಠಿ ಅಷ್ಟಕ್ಕಷ್ಟೆ. ಕೆಲಸಕ್ಕೇನೂ ತೊಡಕಾಗಲಿಲ್ಲ. ಸೇವಾಸದನದ ಹೆಸರನ್ನು ಅವಳು ಕೇಳಿದ್ದಳೋ ಇಲ್ಲವೋ ನಾನು ವಿಚಾರಿಸಲಿಲ್ಲ. ಆದರೆ ಅವಳ ಕಾಲ ಕೆಳಗಿನ ದಾರಿಯನ್ನು ಆ ಕೆಂಪು ಸೀರೆಯ ವಿದ್ಯಾರ್ಥಿನಿಯಂಥವರು ಸವೆಸಿದ್ದರು.

ಇನ್ನು ರಮಾಬಾಯಿಯವರ ಉಳಿದ ಚರಿತ್ರೆ. ಆಳಂದಿಯ ಜಾತ್ರೆಗೆ ಏಕಾದಶಿಯ ದಿನಗಳಲ್ಲಿ ಸೇವಾಸದನದ ಸ್ವಯಂಸೇವಿಕೆಯರನ್ನು ಕರೆದೊಯ್ದು ಯಾತ್ರಿಕ ಹೆಂಗಸರ ನೆರವಿಗೆ ನಿಲ್ಲಿಸುತ್ತಿದ್ದರು. ತಾವು ಭಕ್ತೆ, ಉಡುಗೆ ತೊಡುಗೆಯಲ್ಲಿ ಹಳೆಯ ಪದ್ಧತಿಯವರು. ಆ ಕಾರಣದಿಂದಲೇ ಹಳೆಯ ಮನೆತನಗಳು ನಂಬಿ ತಮ್ಮ ವಿಧವೆ ಹೆಣ್ಣುಮಕ್ಕಳನ್ನು ಅವರ ವಶಕ್ಕೆ ಒಪ್ಪಿಸಿದರೆಂದು ನನಗೆ ತೋರುತ್ತದೆ. ಪಂಡಿತಾ ರಮಾಬಾಯಿಯವರಿಗೆ ಬುದ್ಧಿ, ಧೈರ್ಯ ಹೆಚ್ಚಾಗಿದ್ದರೂ ಕ್ರೈಸ್ತಮತ ಸ್ವೀಕರಿಸಿದ ಮೇಲೆ ಈ ನಂಬಿಗೆ ಅವರಿಗೆ ದೊರೆಯಲಿಲ್ಲ. ಗುಜರಾತ ಕಾಠೇವಾಡಗಳಲ್ಲಿ ಕ್ಷಾಮ ಬಿದ್ದಾಗ ಇವರು ಅಲ್ಲಿಗೂ ನೆರವು ಒಯ್ದರು. ಪುಣೆಯಲ್ಲಿ ಹೆಣ್ಣುಮಕ್ಕಳಿಗೂ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಬೇಕೆಂದು ಚಳವಳಿ ನಡೆಸಿದರು. 1921-22ರಲ್ಲಿ ಮುಂಬಯಿ ಪ್ರಾಂತದ ಸ್ತ್ರೀಯರ ಮತಾಧಿಕಾರದ ಚಳವಳಿಗೆ ಮುಂದಾಳಾದರು. ಧಾರವಾಡ ಬೆಳಗಾವಿಗಳ ಹೆಣ್ಣುಮಕ್ಕಳ ಮತವೂ ಅದರಲ್ಲಿ ಸೇರಿತ್ತೆಂಬುದನ್ನು ಮರೆಯಬಾರದು.

1924ರಲ್ಲಿ ರಮಾಬಾಯಿಯವರು ಕಾಲವಾದರು. ಜನ್ಮಶತಾಬ್ದಿಯ ವರ್ಷವಾದ 1962ರ ಆಗಸ್ಟ್ 15ರಂದು ಭಾರತ ಸರಕಾರವು ಅವರ ಅಂಚೆಚೀಟಿಯನ್ನು ಹೊರಡಿಸಿತು. ಪುಣೆಯ ಸೇವಾಸದನ ಇಂದಿಗೂ ನಡೆದಿದೆ. ನನ್ನ ಸೋದರತ್ತೆಯ ಮಗಳು ಈ ವರ್ಷ ಪದವಿ ಮುಗಿಸಿ, ತಾನು ಬಯಸಿದ ಆ ವಾರ್ಡಿಗೇ ಅರ್ಜಿ ಹಾಕಿದ್ದಾಳೆ.